2,297 ಪ್ಯಾಚ್‌ಗಳ ಮನೆ ಕ್ಲೀನಿಂಗ್

1/6
ನಿಮ್ಮ ಕೈಲಿರೋದು ಆಂಡ್ರಾಯ್ಡ್ ಫೋನ್ ಆದ್ರೆ, ಅದರ ತಳದಲ್ಲಿ ಓಡ್ತಿರೋದು ಲಿನಕ್ಸ್ ಕರ್ನಲ್. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ಸ್ಟೂಡೆಂಟ್ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಆ ಕಥೆ ಎಲ್ರಿಗೂ ಗೊತ್ತು. ಇವತ್ತಿನ ಕಥೆ ಆಮೇಲೆ ತುಂಬಿಕೊಂಡ ಕಸದ್ದು.

2/6
ಕರ್ನಲ್ ಹೆಚ್ಚಾಗಿ ಸಿ ಭಾಷೆಯಲ್ಲಿದೆ. ನೂರಾರು ಫೈಲ್‌ಗಳಿಗೆ ಬೇಕಾದ ಹೆಸರು, ರಚನೆಗಳನ್ನ ಒಂದೇ ಕಡೆ ಬರೆದಿಡೋ ಫೈಲ್‌ಗೆ ಹೆಡರ್ ಅಂತಾರೆ. ‘ಇನ್‌ಕ್ಲೂಡ್’ ಅಂತ ಒಂದು ಸಾಲು ಹಾಕಿದ್ರೆ ಸಾಕು, ಕಂಪೈಲ್ ಮಾಡುವಾಗ ಇಡೀ ಹೆಡರ್ ಅಲ್ಲಿಗೆ ಬಂದು ಸೇರುತ್ತೆ. ಅದು ಕರೆದ ಹೆಡರ್‌ಗಳೂ ಬರುತ್ತವೆ. ಮದುವೆಗೆ ಒಬ್ಬರನ್ನ ಕರೆದ್ರೆ ಊರೇ ಬಂದ ಹಾಗೆ! ಒಂದು ಮುಖ್ಯ ಹೆಡರ್‌ನಲ್ಲಿ ಒಂದು ಸಾಲು ಬದಲಾದ್ರೂ ಅದನ್ನ ಬಳಸೋ ಫೈಲ್‌ಗಳೆಲ್ಲ ಮತ್ತೆ ಕಂಪೈಲ್ ಆಗಬೇಕು.

3/6
ಗುಡಿಸೋ ಕೆಲಸ ಆಗಾಗ ನಡೆದಿತ್ತು. 2012ರಲ್ಲಿ ಡೇವಿಡ್ ಹೊವೆಲ್ಸ್, ಹೊರಗಿನ ಪ್ರೋಗ್ರಾಂಗಳಿಗೆ ಬೇಕಾದ ಭಾಗವನ್ನ ಕರ್ನಲ್ ಒಳಗಿನ ಭಾಗದಿಂದ ಬೇರೆ ಮಾಡಿದ್ರು. ಅದು 3.7 ಆವೃತ್ತಿಯಲ್ಲಿ ಬಂತು. 2017ರಲ್ಲಿ ಹಂಗೇರಿಯ ಇಂಗೋ ಮೊಲ್ನಾರ್, ಊದಿಕೊಂಡಿದ್ದ ಶೆಡ್ಯೂಲರ್ ಹೆಡರನ್ನ ಸಣ್ಣ ಸಣ್ಣ ಫೈಲ್‌ಗಳಾಗಿ ಒಡೆದ್ರು.

4/6
2020ರ ಕೊನೆಗೆ ಇಂಗೋ ಮತ್ತೆ ಪೊರಕೆ ಹಿಡಿದ್ರು. 50ರಿಂದ 100 ಪ್ಯಾಚ್ ಸಾಕು ಅನ್ನೋದು ಅವರ ಲೆಕ್ಕ. ವರ್ಷ ಕಳೆದು, 2022ರ ಜನವರಿ 2ರಂದು ಅವರು ಮುಂದಿಟ್ಟಿದ್ದು 2,297 ಪ್ಯಾಚ್! ಮುಟ್ಟಿದ ಫೈಲ್‌ಗಳು 25,000ಕ್ಕೂ ಜಾಸ್ತಿ. ಅವರ ಅಳತೆಯಲ್ಲಿ ಸುಮಾರು 231 ಸೆಕೆಂಡ್ ಹಿಡಿತಿದ್ದ ಬಿಲ್ಡ್ 130 ಸೆಕೆಂಡಿಗೆ ಇಳಿದಿತ್ತು.

5/6
ಹಾಗಾದ್ರೆ ತಕ್ಷಣ ಸೇರಿಸಿಕೊಂಡ್ರಾ? ಇಲ್ಲ. ಕೆಲವು ಫೈಲ್‌ಗಳು ತಮಗೆ ಬೇಕಾದ ಹೆಡರನ್ನ ನೇರವಾಗಿ ಕೇಳಿರೋದೇ ಇಲ್ಲ, ಬೇರೆ ಹೆಡರ್ ಜೊತೆ ಬಂದಿದ್ದನ್ನೇ ಬಳಸ್ತಿರುತ್ತವೆ. ಮಧ್ಯದ ಕೊಂಡಿ ತೆಗೆದ್ರೆ ಎಲ್ಲೋ ಒಂದು ಡ್ರೈವರ್ ಕಂಪೈಲ್ ಆಗೋದೇ ನಿಲ್ಲುತ್ತೆ. ಮೇಲಾಗಿ ದಿನಾ ಬದಲಾಗೋ ಕೋಡ್‌ನಲ್ಲಿ 2,297 ಬದಲಾವಣೆಗಳನ್ನ ಕೂತು ಪರಿಶೀಲಿಸೋರು ಯಾರು? ಇಡೀ ಗಂಟು ಒಂದೇ ಸಲ ಒಳಗೆ ಹೋಗಲೇ ಇಲ್ಲ. ಶೆಡ್ಯೂಲರ್‌ಗೆ ಸೇರಿದ ಭಾಗ 2022ರಲ್ಲೇ ಸೇರಿತು. 2024ರ ಜನವರಿಯಲ್ಲಿ ಕೆಂಟ್ ಓವರ್‌ಸ್ಟ್ರೀಟ್ ಮಾಡಿದ ಇನ್ನೊಂದು ಸುತ್ತಿನ ಕ್ಲೀನಿಂಗ್ 6.8 ಆವೃತ್ತಿಗೆ ಹೋಯ್ತು. ಗುರಿ ಮತ್ತೆ ಅದೇ ಶೆಡ್ಯೂಲರ್ ಹೆಡರ್!

6/6
ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ ಇದು ಹಳೇ ಸಾಲದ ಬಡ್ಡಿ. ಒಂದು ಬಿಲ್ಡ್‌ಗೆ ನೂರು ಸೆಕೆಂಡ್ ಅಂದ್ರೆ ಸಣ್ಣದು ಅನಿಸುತ್ತೆ. ಸಾವಿರಾರು ಡೆವಲಪರ್‌ಗಳು ದಿನಕ್ಕೆ ಹತ್ತಾರು ಸಲ ಕಟ್ಟಿದ್ರೆ? ಕ್ಲೀನ್ ಮಾಡಿದ್ರಿಂದ ಬಳಸೋರಿಗೆ ಹೊಸ ಫೀಚರ್ ಏನೂ ಸಿಗಲ್ಲ, ಅದಕ್ಕೇ ಇಂಥ ಕೆಲಸ ಯಾರ ಕಣ್ಣಿಗೂ ಬೀಳಲ್ಲ. ಆದರೆ 30 ವರ್ಷ ದಾಟಿದ ಮನೇಲಿ ಇನ್ನೂ ಹೊಸಬರು ಬಂದು ಕೆಲಸ ಮಾಡೋಕೆ ಆಗ್ತಿದೆ ಅಂದ್ರೆ, ಅದರಲ್ಲಿ ಪೊರಕೆ ಹಿಡಿದವರ ಪಾಲೂ ಇದೆ.

ನಿಮಗೆ ಗೊತ್ತಿರೋ, ಯಾರೂ ಗಮನಿಸದ ಇಂಥ ಕ್ಲೀನಿಂಗ್ ಕಥೆ ಇದ್ರೆ ಕಾಮೆಂಟ್‌ನಲ್ಲಿ ಹಾಕ್ರೋ 🧹

#ಲಿನಕ್ಸ್ #ಕಂಪ್ಯೂಟರ್‌ಇತಿಹಾಸ #ಕನ್ನಡದಲ್ಲಿ