ತಂಗಡಿ

ತಂಗಡಿ ದಖ್ಖನಿನ ಒಣನೆಲದಲ್ಲಿ ಬೆಳೆಯುವ, ಹಳದಿ ಹೂವಿನ ಔಷಧೀಯ ಪೊದೆ. ಸಸ್ಯಶಾಸ್ತ್ರೀಯ ಹೆಸರು ಸೆನ್ನಾ ಆರಿಕ್ಯುಲೇಟಾ, ಕುಟುಂಬ ಫ್ಯಾಬೇಸಿ. 1753ರಲ್ಲಿ ಲಿನೇಯಸ್ ಇದನ್ನು ಕ್ಯಾಸಿಯಾ ಆರಿಕ್ಯುಲೇಟಾ ಎಂದು ಹೆಸರಿಸಿದ. ಹಳೆಯ ಗ್ರಂಥಗಳಲ್ಲಿ ಆ ಹೆಸರೇ ಇದೆ.

ಆವರಿಕೆ, ಹೊನ್ನಾವರಿಕೆ ಇದರ ಬೇರೆ ಕನ್ನಡ ಹೆಸರುಗಳು. ತೆಲುಗಿನ ತಂಗೇಡು, ತಮಿಳಿನ ಆವಾರೈ, ಸಂಸ್ಕೃತದ ಆವರ್ತಕಿ ಕೂಡ ಇದೇ ಗಿಡ. ಹೊಸಪೇಟೆ, ಗಾದಿಗನೂರು, ಸಂಡೂರು ಸೀಮೆಯ ಕುರುಚಲು ಕಾಡು, ಹೊಲದ ಬದು, ದಾರಿಯಂಚುಗಳಂಥ ಬಯಲುನೆಲ ಇದಕ್ಕೆ ಒಗ್ಗುತ್ತದೆ.

ಹೆಸರುಗಳ ಹೋಲಿಕೆಯಿಂದ ಈ ಗಿಡದ ಬಗ್ಗೆ ಗೊಂದಲ ಹುಟ್ಟುತ್ತದೆ. ನೆಲಾವರಿಕೆ ಅಥವಾ ಸೋನಾಮುಖಿ ಬೇರೆ ಪ್ರಭೇದ, ಸೆನ್ನಾ ಅಲೆಕ್ಸಾಂಡ್ರಿನಾ. ಅದರ ಎಲೆಯಲ್ಲಿರುವ ಸೆನ್ನೊಸೈಡುಗಳು ಭೇದಿ ತರಿಸುತ್ತವೆ. ಒಣಗಿದ ತಂಗಡಿ ಎಲೆಯನ್ನು ಸೋನಾಮುಖಿಗೆ ಬೆರೆಸುವುದು ಔಷಧಿ ವ್ಯಾಪಾರದಲ್ಲಿ ದಾಖಲಾದ ಕಲಬೆರಕೆ. ತಗಚೆಯೂ (ಸೆನ್ನಾ ಟೋರಾ) ಬೇರೆಯೇ: ಅದು ಮಳೆಗಾಲದ ಏಕವಾರ್ಷಿಕ ಕಳೆ, ಅದರ ಕಾಯಿ ಸಪುರ ಮತ್ತು ಉದ್ದ. ತಂಗಡಿಯದು ಚಪ್ಪಟೆ, ತೆಳುಕಾಯಿ. ಎಲೆಯ ಬುಡದಲ್ಲಿ ಕಿವಿಯಾಕಾರದ ದೊಡ್ಡ ವೃಂತಪರ್ಣಗಳಿರುತ್ತವೆ. ಹೆಸರಿಗಿಂತ ಈ ಗುರುತೇ ನಂಬತಕ್ಕದ್ದು.

ಹೂ, ಬೀಜ, ತೊಗಟೆಗಳನ್ನು ಮಧುಮೇಹ, ಚರ್ಮರೋಗ, ಕಣ್ಣುಬೇನೆಗಳಿಗೆ ನಾಟಿವೈದ್ಯದಲ್ಲಿ ಬಳಸುವ ರೂಢಿಯಿದೆ. ಟ್ಯಾನಿನ್ ತುಂಬಿದ ತೊಗಟೆ ದಕ್ಷಿಣ ಭಾರತದಲ್ಲಿ ಚರ್ಮ ಹದಮಾಡಲು ಬಹುಕಾಲ ಬಳಕೆಯಾಗಿತ್ತು. ತೆಲಂಗಾಣದ ರಾಜ್ಯಪುಷ್ಪವೂ ಇದೇ. ಅಲ್ಲಿನ ಬತುಕಮ್ಮ ಹಬ್ಬದ ಹೂಗೋಪುರದಲ್ಲಿ ಇದನ್ನು ಜೋಡಿಸುತ್ತಾರೆ.