ಬಗ್ದಾದಿನ ಅಡುಗೆ ಪುಸ್ತಕ ಮತ್ತು ಹೊಸ ಅಡುಗೆಗಾರ

‘ಉಪ್ಪು ರುಚಿಗೆ ತಕ್ಕಷ್ಟು.’ ಅಡುಗೆ ಕಲಿಯಲು ಹೊರಟವರನ್ನು ಮೊದಲ ದಿನವೇ ಕಂಗೆಡಿಸುವ ಮಾತಿದು. ಯಾರ ರುಚಿಗೆ? ತಕ್ಕಷ್ಟು ಎಂದರೆ ಎಷ್ಟು? ಚಮಚದ ಲೆಕ್ಕ ಕೇಳಿದರೆ ಮನೆಯ ಹಿರಿಯರು ನಗುತ್ತಾರೆ. ಆದರೆ ಈ ಫಜೀತಿ ನಮ್ಮ ಕಾಲದ್ದಲ್ಲ. ಸುಮಾರು ಎಂಟು ಶತಮಾನಗಳ ಹಿಂದೆ ಬಗ್ದಾದಿನಲ್ಲಿ ಬರೆದ ಪುಸ್ತಕವೊಂದರಲ್ಲಿಯೂ ಇದೇ ಮಾತು ಪುಟಪುಟದಲ್ಲಿ ಬರುತ್ತದೆ.

ಮುಹಮ್ಮದ್ ಬಿನ್ ಹಸನ್ ಅಲ್-ಬಗ್ದಾದಿಯ ‘ಕಿತಾಬುತ್ತಬೀಖ್’ ರಚನೆಯಾದದ್ದು 1226ರಲ್ಲಿ, ಅಂದರೆ ಹಿಜರಿ 623ರಲ್ಲಿ. ಅದರಲ್ಲಿ ಸುಮಾರು 160 ಖಾದ್ಯಗಳಿವೆ. ಅದಕ್ಕಿಂತ ಮುಂಚೆ, 10ನೇ ಶತಮಾನದಲ್ಲಿ, ಇಬ್ನ್ ಸಯ್ಯಾರ್ ಅಲ್-ವರ್ರಾಕ್ 600ಕ್ಕೂ ಹೆಚ್ಚು ಖಾದ್ಯಗಳ ದೊಡ್ಡ ಸಂಗ್ರಹವನ್ನೇ ಮಾಡಿದ್ದರು. ಅದು ಖಲೀಫರ ಆಸ್ಥಾನದ ವೈಭವ. ಅಲ್ಲಿ ಊಟದ ಜೊತೆ ಕಾವ್ಯವೂ ಇದೆ. ಹೊಸ ಕಲಿಕೆಯವರಿಗೆ ಬಗ್ದಾದಿಯ ಕಿರುಪುಸ್ತಕವೇ ಹತ್ತಿರದ್ದು ಎಂದು ನಮಗನಿಸುತ್ತದೆ. ಸುಖಗಳು ಆರು, ಅವುಗಳಲ್ಲಿ ಆಹಾರವೇ ಮೇಲು ಎಂದು ಹೇಳಿಕೊಂಡೇ ಆತ ಆರಂಭಿಸುತ್ತಾನೆ. ಆನಂತರ ನೇರ ಅಡುಗೆಮನೆಗೆ ಇಳಿಯುತ್ತಾನೆ.

ಮೊದಲ ಸೂಚನೆ ಉಗುರಿನ ಬಗ್ಗೆ. ಅಡುಗೆಯವನು ಉಗುರು ಕತ್ತರಿಸಿಕೊಳ್ಳುತ್ತಿರಬೇಕು, ಅದರಡಿ ಕೊಳೆ ಸೇರಬಾರದು. ಕಟ್ಟಿಗೆ ಒಣಗಿರಬೇಕು, ಆಲಿವ್ ಮರದ್ದಾದರೆ ಒಳ್ಳೆಯದು, ಹೊಗೆ ಕಾರುವ ಅಂಜೂರದ್ದು ಬೇಡ. ಪಾತ್ರೆಗಳಲ್ಲಿ ಕಲ್ಲಿನದು ಉತ್ತಮ, ನಂತರ ಮಣ್ಣಿನದು, ಬೇರೆ ದಾರಿಯಿಲ್ಲದಿದ್ದರೆ ಕಲಾಯಿ ಹಾಕಿದ ತಾಮ್ರದ್ದು. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಬೇಯಿಸಿದ ಊಟಕ್ಕಿಂತ ಹೇಯವಾದುದಿಲ್ಲ ಎಂಬುದು ಆತನ ಖಡಾಖಂಡಿತ ಅಭಿಪ್ರಾಯ. ಇದು ಬರಿಯ ಮಡಿವಂತಿಕೆಯಲ್ಲ. ಆ ಕಾಲದ ಅಡುಗೆಯಲ್ಲಿ ವಿನೆಗರ್, ದಾಳಿಂಬೆಯಂತಹ ಹುಳಿ ಧಾರಾಳ. ಹುಳಿ ತಗುಲಿದರೆ ತಾಮ್ರ ಕರಗಿ ಊಟ ವಿಷವಾಗುತ್ತದೆ. ನಮ್ಮ ಊರುಗಳ ಬೀದಿಗಳಲ್ಲಿ ಕುಲುಮೆ ಹೂಡಿ ಪಾತ್ರೆ ಬೆಳಗುತ್ತಿದ್ದ ಕಲಾಯಿಯವರನ್ನು ಹಿರಿಯ ಓದುಗರು ಮರೆತಿರಲಾರರು. ಆ ‘ಕಲಾಯಿ’ ಎಂಬ ಮಾತೂ ತವರಕ್ಕಿರುವ ಅರಬಿ ಹೆಸರಾದ ‘ಖಲಈ’ಯಿಂದಲೇ ಬಂದದ್ದು.

ಇನ್ನು ಮೊದಲ ಅಧ್ಯಾಯದ ‘ಸಿಕ್‌ಬಾಜ್’ ನೋಡೋಣ. ಪಾರಸಿಯಲ್ಲಿ ‘ಸಿಕ್’ ಎಂದರೆ ವಿನೆಗರ್. ಕೊಬ್ಬುಳ್ಳ ಮಾಂಸವನ್ನು ಮಧ್ಯಮ ಗಾತ್ರಕ್ಕೆ ತುಂಡರಿಸಿ, ಮುಳುಗುವಷ್ಟು ನೀರು, ಹಸಿ ಕೊತ್ತಂಬರಿ, ದಾಲ್ಚಿನ್ನಿ, ಉಪ್ಪು ಹಾಕಿ ಕುದಿಸಬೇಕು. ಮೇಲೇಳುವ ನೊರೆಯನ್ನು ಸೌಟಿನಿಂದ ತೆಗೆಯಬೇಕು. ಬದನೆಯನ್ನು ನಾಲ್ಕು ಹೋಳು ಮಾಡಿ, ಬೇರೆ ಪಾತ್ರೆಯಲ್ಲಿ ಉಪ್ಪು ನೀರಿನಲ್ಲಿ ಅರ್ಧ ಬೇಯಿಸಿ, ಬಸಿದು ಮಾಂಸದ ಮೇಲಿಡಬೇಕು. ಬೇರೆ ಪಾತ್ರೆ ಏಕೆ? ಪುಸ್ತಕ ಹೇಳುವುದಿಲ್ಲ. ಬದನೆಯ ಕಹಿಯೂ ಕಪ್ಪು ಬಣ್ಣವೂ ಆ ನೀರಿನಲ್ಲೇ ಉಳಿಯುತ್ತದೆ ಎಂಬುದು ಒಮ್ಮೆ ಮಾಡಿದವರಿಗೆ ತಿಳಿಯುತ್ತದೆ. ಆಮೇಲೆ ವಿನೆಗರ್‌ಗೆ ಖರ್ಜೂರದ ಪಾಕವನ್ನೋ ಜೇನನ್ನೋ ಬೆರೆಸಿ ಸುರಿಯುವುದು. ಸ್ವಲ್ಪ ಸಾರನ್ನು ಹೊರತೆಗೆದು ಅದರಲ್ಲಿ ಕೇಸರಿ ಕದಡಿ ಮರಳಿ ಹಾಕುವುದು. ನೇರವಾಗಿ ಉದುರಿಸಿದರೆ ಬಣ್ಣ ಎಲ್ಲೆಡೆ ಸಮವಾಗಿ ಹರಡದು. ಕೊನೆಗೆ ಬಾದಾಮಿ, ದ್ರಾಕ್ಷಿ, ಒಣ ಅಂಜೂರ.

ಇಷ್ಟಾದ ಮೇಲೆ ಬರುವ ಎರಡು ವಾಕ್ಯಗಳು ಪುಸ್ತಕದ ಹಲವು ಖಾದ್ಯಗಳಿಗೆ ಪಲ್ಲವಿಯಿದ್ದಂತೆ: ಶುಭ್ರ ಬಟ್ಟೆಯಿಂದ ಪಾತ್ರೆಯ ಅಂಚು ಒರೆಸಿರಿ; ಒಂದು ‘ಸಾಅತ್’ ಬೆಂಕಿಯ ಮೇಲೆ ಶಾಂತವಾಗಲು ಬಿಡಿರಿ. ಅಂಚು ಒರೆಸುವುದು ಅಲಂಕಾರಕ್ಕಷ್ಟೇ ಅಲ್ಲ. ಅಲ್ಲಿಗೆ ಸಿಡಿದ ರಸ ಸೀದರೆ ಇಡೀ ಪಾತ್ರೆಗೆ ಆ ವಾಸನೆ. ‘ಸಾಅತ್’ ಎಂದರೆ ಗಂಟೆ ಎಂದು ನಿಘಂಟು ನೋಡಿದವರು ಹೇಳುತ್ತಾರೆ. ಆದರೆ ಅರಬಿಯಲ್ಲಿ ಅದಕ್ಕೆ ‘ಸ್ವಲ್ಪ ಹೊತ್ತು’ ಎಂಬ ಅರ್ಥವೂ ಇದೆ. ಗಡಿಯಾರ ಹಿಡಿದು ಕೂತವರ ಸಾರು ಬತ್ತಿಹೋದೀತು! ಶಾಂತವಾಗುವುದು ಎಂಬುದಕ್ಕೆ ಅಲ್ಲಿಯ ಕ್ರಿಯಾಪದ ‘ಯಹ್‌ದಅ’. ಕುದಿತ ಅಡಗಿ, ಕೊಬ್ಬು ತೇಲಿ ಮೇಲೆ ಬರುವ ಹಂತ ಅದು. ನಮ್ಮ ಮನೆಗಳಲ್ಲಿ ‘ಎಣ್ಣೆ ಬಿಡುವವರೆಗೆ’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಕನ್ನಡದ ‘ಹದ’ಕ್ಕೂ ಈ ಪದಕ್ಕೂ ಸದ್ದಿನ ಹೋಲಿಕೆ ಕಾಣುವುದು ಕೇವಲ ಆಕಸ್ಮಿಕ, ಆದರೂ ಮೋಜಿನದು.

ಅಳತೆಯನ್ನೇ ಬರೆಯುವ ಪದ್ಧತಿ ನೆಲೆಯೂರಿದ್ದು ಬಹಳ ತಡವಾಗಿ. ಚಮಚವನ್ನು ಚೂರಿಯ ಬೆನ್ನಿನಿಂದ ಸಮ ಮಾಡಿ ಅಳೆಯಿರಿ ಎಂದು ಪಟ್ಟುಹಿಡಿದ ಅಮೆರಿಕದ ಫ್ಯಾನಿ ಫಾರ್ಮರ್ ಅವರ ಪುಸ್ತಕ ಬಂದದ್ದು 1896ರಲ್ಲಿ. ನಮ್ಮ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಂತೂ ಪದ್ಯದಲ್ಲಿದೆ, ಓದುಗನಿಗೆ ಒಲೆಯ ಪರಿಚಯವಿದೆ ಎಂದುಕೊಂಡೇ ಅದನ್ನು ಬರೆಯಲಾಗಿದೆ. ಬಗ್ದಾದಿಯೂ ಹಾಗೆಯೇ. ಪಕ್ಕದಲ್ಲಿ ನಿಂತು ತೋರಿಸುವ ಕೈಯೊಂದು ಇದ್ದೇ ಇರುತ್ತದೆ ಎಂದು ಆತ ನಂಬಿದ್ದ. ಆ ಕೈಗಳ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಪುಸ್ತಕ ಬರೆದು 32 ವರ್ಷಕ್ಕೆ, 1258ರಲ್ಲಿ, ಮಂಗೋಲರು ಬಗ್ದಾದನ್ನು ನೆಲಸಮ ಮಾಡಿದರು. ಪುಸ್ತಕ ಮಾತ್ರ ಉಳಿಯಿತು. 15ನೇ ಶತಮಾನದಲ್ಲಿ ಶಿರ್ವಾನಿ ಅದನ್ನು ತುರ್ಕಿ ಭಾಷೆಗೆ ತಂದರು. ಇಸ್ತಾಂಬುಲ್‌ನಲ್ಲಿದ್ದ ಹಸ್ತಪ್ರತಿಯನ್ನು ಮೋಸುಲ್‌ನ ದಾವೂದ್ ಚೆಲೆಬಿ 1934ರಲ್ಲಿ ಅಚ್ಚು ಹಾಕಿಸಿದರು. 1939ರಲ್ಲಿ ಆರ್ಬೆರಿ ಇಂಗ್ಲಿಷಿಗೆ ಅನುವಾದಿಸಿದರು.

ಆದರೆ ಕೈ ತಪ್ಪಿಹೋದದ್ದೂ ಉಂಟು. ಹಳೆಯ ಅರಬಿ ಅಡುಗೆಗಳಲ್ಲಿ ‘ಮುರ್ರೀ’ ಎಂಬ ಕಪ್ಪು ರಸವೊಂದು ಮತ್ತೆ ಮತ್ತೆ ಬರುತ್ತದೆ. ಅದನ್ನು ಮಾಡುವುದನ್ನೇ ಜನ ಬಿಟ್ಟುಬಿಟ್ಟಿದ್ದರು. ಮೀನಿನ ರಸವಿರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದರು. ಬಗ್ದಾದಿಯ ಪುಸ್ತಕವನ್ನು 2005ರಲ್ಲಿ ಮತ್ತೊಮ್ಮೆ ಇಂಗ್ಲಿಷಿಗೆ ತಂದ ಚಾರ್ಲ್ಸ್ ಪೆರ್ರಿ ಊಹೆಯನ್ನು ಬದಿಗಿಟ್ಟು, ಹಳೆಯ ಸೂಚನೆಗಳನ್ನು ಹಿಡಿದು ತಮ್ಮ ಮನೆಯಲ್ಲೇ ಅದನ್ನು ಮಾಡಿನೋಡಿದ್ದರು. ಬಾರ್ಲಿ ಹಿಟ್ಟಿನ ಮುದ್ದೆಗೆ ವಾರಗಟ್ಟಲೆ ಬೂಸ್ಟು ಹಿಡಿಸಿ, ಪುಡಿ ಮಾಡಿ, ಉಪ್ಪು ನೀರು ಸೇರಿಸಿ, ಮತ್ತೆ ವಾರಗಟ್ಟಲೆ ಕಾದರು. ಕೊನೆಗೆ ನಾಲಿಗೆಗೆ ತಾಗಿದ್ದು ಮೀನಲ್ಲ, ಚೀನೀ ಹೋಟೆಲುಗಳ ಸೋಯಾ ಸಾಸಿನ ರುಚಿ.