ಮೇಷ್ಟರಿಗೆ ಡಿಗ್ರಿ ಇರಲಿಲ್ಲ

ನಮ್ಮ ಕಡೆ ಎಂಜಿನಿಯರಿಂಗ್ ಓದಿದವರು ಆಮೇಲೆ ಏನೇನೆಲ್ಲ ಆಗುತ್ತಾರೆ ಅನ್ನೋದು ನಿಮಗೆ ಗೊತ್ತೇ ಇದೆ. ಸಿನಿಮಾ ತೆಗೆಯುತ್ತಾರೆ, ಕಾದಂಬರಿ ಬರೆಯುತ್ತಾರೆ, ಹೋಟೆಲ್ ಇಡುತ್ತಾರೆ, ಕೆಎಎಸ್ ಕಟ್ಟುತ್ತಾರೆ. ಮನೆಯವರ ಸಮಾಧಾನಕ್ಕೆ ಮೊದಲು ಒಂದು ಡಿಗ್ರಿ, ಆಮೇಲೆ ಅವರವರ ದಾರಿ ಅವರವರಿಗೆ. ಮುನ್ನೂರು ವರ್ಷದ ಹಿಂದಿನ ಜರ್ಮನಿಯಲ್ಲಿ ಇದೇ ಜಾಗದಲ್ಲಿ ಇದ್ದದ್ದು ಲಾ. ಸಂಗೀತಗಾರ ಆಗಬೇಕೆಂದು ಹೊರಟವರೂ ಮೊದಲು ಕಾನೂನು ಓದುತ್ತಿದ್ದರು! ಇದು ನನಗೆ ಹೊಳೆದದ್ದು ಲೈಪ್‌ಜಿಗ್ ಊರಿನ ಒಂದು ಗಾಯನವೃಂದದ ಮೇಷ್ಟರುಗಳ ಪಟ್ಟಿ ಓದುತ್ತಿದ್ದಾಗ. ಕೋಡ್ ಬರೆಯುವಾಗ ಕಿವಿಗೆ ಬಾಖ್ ಹಾಕಿಕೊಳ್ಳುವ ಅಭ್ಯಾಸ ನನಗೆ ಕೆಲವು ವರ್ಷಗಳಿಂದ ಇದೆ. ಹಾಗೆ ಕೇಳುತ್ತ ಕೇಳುತ್ತ, ಈ ಮನುಷ್ಯ ಕೆಲಸ ಮಾಡುತ್ತಿದ್ದದ್ದು ಎಲ್ಲಿ, ಅವನ ಹಿಂದೆ ಮುಂದೆ ಆ ಕುರ್ಚಿಯಲ್ಲಿ ಕೂತವರು ಯಾರು ಅಂತ ಹುಡುಕಿದ್ದರ ಫಲ ಇದು.

ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನ ಹುಡುಗರ ಕ್ವಾಯರ್ ಶುರುವಾದದ್ದು 1212ರಲ್ಲಿ. ನಮ್ಮಲ್ಲಿ ಆಗ ಹೊಯ್ಸಳ ವೀರಬಲ್ಲಾಳನ ಕಾಲ. ಮೊದಲು ಅದು ಒಂದು ಮಠದ ಶಾಲೆ. 1539ರಲ್ಲಿ ಲೂಥರನ ಸುಧಾರಣೆ ಊರಿಗೆ ಬಂದು, ಮಠ ಮುಚ್ಚಿ, ಶಾಲೆ ನಗರ ಕೌನ್ಸಿಲ್ ಕೈಗೆ ಹೋಯಿತು. ಅಂದಿನಿಂದ ಹುಡುಗರಿಗೆ ಹಾಡಿಸುವ ಮೇಷ್ಟರು, ಅಂದರೆ 'ಕಾಂಟರ್', ಪಾದ್ರಿಗಳ ಕೈಕೆಳಗಿನವನಲ್ಲ. ಊರಿನ ಕೌನ್ಸಿಲ್ ಸಂಬಳ ಕೊಟ್ಟು ಇಟ್ಟುಕೊಂಡ ನೌಕರ. ಒಂಥರಾ ಕಾರ್ಪೊರೇಷನ್ ಕೆಲಸ ಅನ್ನಿ :) ಆ ನೌಕರ ಹಾಡಿಸಿದರೆ ಮಾತ್ರ ಸಾಲದು, ಕೆಳ ತರಗತಿಗೆ ಲ್ಯಾಟಿನ್ ಪಾಠವನ್ನೂ ಮಾಡಬೇಕು. ಶಾಲೆಯ ದರ್ಜೆಯಲ್ಲಿ ಅವನದು ಮೂರನೇ ಸ್ಥಾನ, ಮೇಲೆ ರೆಕ್ಟರ್ ಮತ್ತು ಕನ್‌ರೆಕ್ಟರ್.

ಹಾಗಾಗಿ ಕೌನ್ಸಿಲ್ ಹುಡುಕುತ್ತಿದ್ದದ್ದು ಪಂಡಿತರನ್ನು. ಮತ್ತೆ ಎಂಥೆಂಥ ಪಂಡಿತರು ಸಿಕ್ಕಿದ್ದಾರೆ ನೋಡಿ. 1594ರಲ್ಲಿ ಬಂದ ಸೇತುಸ್ ಕಾಲ್ವಿಸಿಯಸ್ ಬಡ ರೈತನ ಮಗ. ಸಂಗೀತ ಶಾಸ್ತ್ರ ಬರೆದ, ಮೋಟೆಟ್‌ಗಳನ್ನು ಬರೆದ. ಜೊತೆಗೆ ಗ್ರಹಣಗಳ ಲೆಕ್ಕ ಹಿಡಿದು ಪ್ರಪಂಚದ ಇತಿಹಾಸಕ್ಕೆ ತಾರೀಕು ಹಾಕುವ ದೊಡ್ಡ ಪುಸ್ತಕವನ್ನೂ 1605ರಲ್ಲಿ ತಂದ. ಖಗೋಳಶಾಸ್ತ್ರದವರಿಗೂ ಅವನ ಹೆಸರು ಗೊತ್ತು. ಅವನ ನಂತರ ಬಂದ ಯೋಹಾನ್ ಹೆರ್ಮನ್ ಶೈನ್ ಚಿಕ್ಕವನಿದ್ದಾಗ ಡ್ರೆಸ್ಡೆನ್ ಅರಮನೆಯ ಚಾಪೆಲ್‌ನಲ್ಲಿ ಹಾಡುತ್ತಿದ್ದ ಹುಡುಗ. ಆಮೇಲೆ ಓದಿದ್ದು? ಲೈಪ್‌ಜಿಗ್ ಯೂನಿವರ್ಸಿಟಿಯಲ್ಲಿ ಲಾ.

1701ರಲ್ಲಿ ಕಾಂಟರ್ ಆದ ಯೋಹಾನ್ ಕೂನಾವ್ ಅಂತೂ ಪೂರ್ತಿ ವಕೀಲ. 1684ರಿಂದ ಅದೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ಪಕ್ಕದಲ್ಲೇ ಲಾ ಮುಗಿಸಿ ಪ್ರಾಕ್ಟೀಸನ್ನೂ ಮಾಡಿದವನು. ಗ್ರೀಕ್, ಹೀಬ್ರೂ, ಗಣಿತ, ಫ್ರೆಂಚ್, ಇಟಾಲಿಯನ್ ಎಲ್ಲ ಬರುತ್ತಿತ್ತು. ಬಿಡುವು ಸಾಲದೆಂದು ಒಂದು ಹಾಸ್ಯ ಕಾದಂಬರಿ ಬೇರೆ: ಸಂಗೀತ ಬಾರದೆ ಬರುತ್ತದೆಂದು ಬೊಗಳೆ ಬಿಡುವ ಒಬ್ಬ ಢೋಂಗಿಯ ಕಥೆ, 1700ರಲ್ಲಿ ಅಚ್ಚಾಯಿತು. ಇಂಥ ರೆಸ್ಯೂಮೆ ಇರುವವನು 1722ರ ಜೂನ್ 5ಕ್ಕೆ ತೀರಿಕೊಂಡ. ಕುರ್ಚಿ ಖಾಲಿ.

ಇಲ್ಲಿಂದ ಶುರುವಾಗುವ ಇಂಟರ್‌ವ್ಯೂ ಕಥೆಯನ್ನು ನಾನು ಹತ್ತು ಸಲ ಓದಿರಬಹುದು. ಕೌನ್ಸಿಲ್‌ಗೆ ಮೊದಲು ಬೇಕಾಗಿದ್ದವನು ಟೆಲೆಮಾನ್. ಹ್ಯಾಂಬರ್ಗ್‌ನಲ್ಲಿ ಆಗಲೇ ದೊಡ್ಡ ಹೆಸರು, ಹಿಂದೆ ಲೈಪ್‌ಜಿಗ್‌ನಲ್ಲೇ ಓದಿದವನು (ಏನು ಓದಿದ ಅಂತ ಕೇಳಬೇಡಿ, ಲಾ!). ಅವನಿಗೆ ಆಫರ್ ಹೋಯಿತು. ಅವನು ಅದನ್ನು ಹ್ಯಾಂಬರ್ಗಿನವರಿಗೆ ತೋರಿಸಿ, ಸಂಬಳ ಏರಿಸಿಕೊಂಡು ಅಲ್ಲೇ ಉಳಿದ. ನಮ್ಮ ಆಫೀಸುಗಳಲ್ಲಿ ನಡೆಯುವುದೂ ಇದೇ ಅಲ್ಲವೇ! ಎರಡನೆಯವನು ಗ್ರೌಪ್ನರ್. ಇದೇ ಥಾಮಸ್ ಶಾಲೆಯ ಹಳೆ ವಿದ್ಯಾರ್ಥಿ, ಕೂನಾವ್‌ನ ಶಿಷ್ಯ, ಅವನೂ ಕಾನೂನು ಓದಿದವನು. ಅವನಿಗೆ ಬರುವ ಮನಸ್ಸಿತ್ತು, ಆದರೆ ಡಾರ್ಮ್‌ಸ್ಟಾಟ್‌ನ ದೊರೆ ರಿಲೀವ್ ಮಾಡಲಿಲ್ಲ.

ಮೂರನೆಯವನು ಕ್ಯೋಥೆನ್ ಎಂಬ ಸಣ್ಣ ಸಂಸ್ಥಾನದ ಆಸ್ಥಾನ ಸಂಗೀತಗಾರ, ಯೋಹಾನ್ ಸೆಬಾಸ್ಟಿಯನ್ ಬಾಖ್, ವಯಸ್ಸು 37. ಯೂನಿವರ್ಸಿಟಿ ಮೆಟ್ಟಿಲು ಹತ್ತಿದವನಲ್ಲ.

ಹಾಗಾದರೆ ಅವನು ಕಲಿತದ್ದು ಎಲ್ಲಿ? ಹುಟ್ಟಿದ್ದು ಐಸೆನಾಖ್ ಊರಿನ ವಾದ್ಯಗಾರರ ಮನೆಯಲ್ಲಿ, 1685ರಲ್ಲಿ. ಹತ್ತು ವರ್ಷ ತುಂಬುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಆರ್ಗನ್ ನುಡಿಸುತ್ತಿದ್ದ ಅಣ್ಣನ ಮನೆಯಲ್ಲಿ ಬೆಳೆದ. ಹದಿನೈದಕ್ಕೆ ದೂರದ ಲ್ಯೂನೆಬರ್ಗ್‌ಗೆ ಹೋಗಿ ಅಲ್ಲಿನ ಶಾಲೆಯ ಕ್ವಾಯರ್‌ನಲ್ಲಿ ಹಾಡಿ ಊಟ ವಸತಿ ಗಿಟ್ಟಿಸಿಕೊಂಡ. ಅದೇ ಅವನ ಕೊನೆಯ ಶಾಲೆ. ಹದಿನೆಂಟಕ್ಕೆ ಆರ್ನ್‌ಸ್ಟಾಟ್‌ನಲ್ಲಿ ಆರ್ಗನ್ ಕೆಲಸ. 1705ರಲ್ಲಿ ಬುಕ್ಸ್‌ಟೆಹೂಡೆ ಎಂಬ ಹಿರಿಯ ಆರ್ಗನ್ ವಾದಕನನ್ನು ಕೇಳಬೇಕೆಂದು ಅಲ್ಲಿಂದ ಲ್ಯೂಬೆಕ್‌ಗೆ ಸುಮಾರು 400 ಕಿಲೋಮೀಟರ್ ನಡೆದುಕೊಂಡು ಹೋದ. ಕೇಳಿದ್ದು ನಾಲ್ಕು ವಾರದ ರಜೆ, ವಾಪಸು ಬಂದದ್ದು ಅದರ ನಾಲ್ಕು ಪಟ್ಟು ಕಳೆದ ಮೇಲೆ! ಮುಂದೆ ವೈಮಾರ್‌ನಲ್ಲಿ ಕೆಲಸ ಬಿಡುತ್ತೇನೆಂದು ಹಠ ಹಿಡಿದದ್ದಕ್ಕೆ 1717ರಲ್ಲಿ ದೊರೆ ಅವನನ್ನು ಸುಮಾರು ಒಂದು ತಿಂಗಳು ಜೈಲಿಗೇ ಹಾಕಿದ್ದ. ನೋಟಿಸ್ ಪಿರಿಯಡ್ ಬಗ್ಗೆ ಗೊಣಗುವವರು ಇದನ್ನು ನೆನಪಿಟ್ಟುಕೊಳ್ಳಿ.

1723ರ ಫೆಬ್ರವರಿ 7ರಂದು ಎರಡು ಕಾಂಟಾಟಾ ಹಾಡಿಸಿ ಪರೀಕ್ಷೆ ಕೊಟ್ಟ. ಏಪ್ರಿಲ್‌ನಲ್ಲಿ ಆಯ್ಕೆಯಾದ. ಆ ತಿಂಗಳ ಚರ್ಚೆಯಲ್ಲಿ ಪ್ಲಾಟ್ಸ್ ಎಂಬ ಕೌನ್ಸಿಲರ್ ಒಬ್ಬ, ಉತ್ತಮರು ಸಿಗದಿದ್ದ ಮೇಲೆ ಮಧ್ಯಮದವರನ್ನೇ ತೆಗೆದುಕೊಳ್ಳಬೇಕಷ್ಟೆ ಎಂಬರ್ಥದ ಮಾತಾಡಿದ್ದು ದಾಖಲೆಯಲ್ಲಿದೆ. ಇದನ್ನು ಹೇಳಿ ನಗುವುದು ಪಾಶ್ಚಾತ್ಯ ಸಂಗೀತದ ಪುಸ್ತಕಗಳಿಗೆಲ್ಲ ಒಂದು ಚಟ. ನನಗೆ ಮಾತ್ರ ಪ್ಲಾಟ್ಸ್ ಅಷ್ಟು ಮೂರ್ಖ ಅನ್ನಿಸುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಶಾಲೆಯ ಮೇಷ್ಟರು. ಎದುರಿಗೆ ನಿಂತಿದ್ದದ್ದು ಡಿಗ್ರಿ ಇಲ್ಲದ ಒಬ್ಬ ವಾದ್ಯಗಾರ. ಇವನು ಮಕ್ಕಳಿಗೆ ಲ್ಯಾಟಿನ್ ಹೇಳಿಕೊಡುತ್ತಾನೆಯೇ? (ಬಾಖ್ ಒಪ್ಪಿಕೊಂಡ. ಆಮೇಲೆ ತನ್ನ ಜೇಬಿನಿಂದ ದುಡ್ಡು ಕೊಟ್ಟು ಆ ಪಾಠವನ್ನು ಸಹೋದ್ಯೋಗಿಯ ತಲೆಗೆ ಕಟ್ಟಿದ! ಔಟ್‌ಸೋರ್ಸಿಂಗ್ ಕಂಡುಹಿಡಿದವರು ನಾವಲ್ಲ.)

ಇನ್ನೊಂದು ವಿಷಯ ನನ್ನನ್ನು ತುಂಬ ಕಾಡಿತು. ಆಸ್ಥಾನದ ಸಂಗೀತಗಾರ ಶಾಲೆಯ ಕಾಂಟರ್ ಆಗುವುದೆಂದರೆ ಆ ಕಾಲದ ಲೆಕ್ಕದಲ್ಲಿ ಮೆಟ್ಟಿಲು ಇಳಿದ ಹಾಗೆ. ಇದನ್ನು ಬಾಖ್ ತಾನೇ 1730ರಲ್ಲಿ ಬಾಲ್ಯದ ಗೆಳೆಯ ಎರ್ಡ್‌ಮನ್‌ಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ತೀರ್ಮಾನಕ್ಕೆ ಮೂರು ತಿಂಗಳು ತೆಗೆದುಕೊಂಡನಂತೆ. ಮತ್ತೆ ಯಾಕೆ ಬಂದ? ಅವನು ಕೊಡುವ ಕಾರಣಗಳಲ್ಲಿ ಒಂದು: ಮಕ್ಕಳು ಓದಿನ ಕಡೆ ಒಲವು ತೋರಿಸಿದರು. ಲೈಪ್‌ಜಿಗ್‌ನಲ್ಲಿ ಯೂನಿವರ್ಸಿಟಿ ಇತ್ತು. ಬಂದ ವರ್ಷವೇ, 1723ರಲ್ಲೇ, ಹದಿಮೂರು ವರ್ಷದ ಹಿರಿಮಗ ಫ್ರೀಡೆಮಾನ್ ಹೆಸರನ್ನು ಯೂನಿವರ್ಸಿಟಿಯಲ್ಲಿ ಮುಂಚಿತವಾಗಿ ಬರೆಸಿಟ್ಟ. ಮುಂದೆ ಎರಡನೆಯ ಮಗ ಎಮಾನುಯೆಲ್ 1731ರಲ್ಲಿ ಅಲ್ಲೇ ಸೇರಿದ, ಲಾ ಓದಲಿಕ್ಕೆ.

ನಮ್ಮಲ್ಲಿ ಎಷ್ಟು ಜನರ ಅಪ್ಪಂದಿರು ಒಳ್ಳೆಯ ಜಾಗ ಬಿಟ್ಟು, ಟ್ರಾನ್ಸ್‌ಫರ್ ಹಾಕಿಸಿಕೊಂಡು, ಪ್ರಮೋಷನ್ ಬೇಡವೆಂದು ಮೈಸೂರಿಗೋ ಬೆಂಗಳೂರಿಗೋ ಬಂದಿದ್ದಾರೆ, ಹುಡುಗರಿಗೆ ಒಳ್ಳೆ ಕಾಲೇಜು ಸಿಗಲಿ ಅಂತ! ನನ್ನ ಅಪ್ಪನೂ ಆ ಪೈಕಿ. ಅವರು ಪಿಯುಸಿಗೆ ನಿಲ್ಲಿಸಿದವರು. ಬಾಖ್‌ನ ಸಂಗೀತ ನನಗೆ ಎಷ್ಟು ಅರ್ಥವಾಗುತ್ತದೋ ಬೇರೆ ಮಾತು, ಆ ಪತ್ರದ ಒಂದು ಸಾಲು ಮಾತ್ರ ಚೆನ್ನಾಗಿ ಅರ್ಥವಾಯಿತು.

ಸರಿ, ಬಂದ ಮೇಲೆ? 54 ಹುಡುಗರು, ನಾಲ್ಕು ಚರ್ಚು. ಹುಡುಗರನ್ನು ನಾಲ್ಕು ತಂಡ ಮಾಡಿ ಭಾನುವಾರ ಒಂದೊಂದು ಕಡೆ ಕಳಿಸಬೇಕು. ಮೊದಲ ವರ್ಷಗಳಲ್ಲಿ ಹೆಚ್ಚುಕಮ್ಮಿ ವಾರಕ್ಕೊಂದು ಹೊಸ ಕಾಂಟಾಟಾ ಬರೆದ, ಪ್ರತಿ ಮಾಡಿಸಿದ, ಕಲಿಸಿದ, ಹಾಡಿಸಿದ. ಏಳು ವರ್ಷ ಹೀಗೆ ಕಳೆದು 1730ರ ಆಗಸ್ಟ್ 23ರಂದು ಕೌನ್ಸಿಲ್‌ಗೆ ಒಂದು ವರದಿ ಕೊಟ್ಟ. ನಾನು ಓದಿದ ಸ್ಟೇಟಸ್ ರಿಪೋರ್ಟ್‌ಗಳಲ್ಲೆಲ್ಲ ಇದೇ ಖಡಕ್ಕು. ಹುಡುಗರ ಹೆಸರು ಹಿಡಿದು ಲೆಕ್ಕ: 17 ಜನ ಉಪಯೋಗಕ್ಕೆ ಬರುವವರು, 20 ಜನ ಇನ್ನೂ ತಯಾರಾಗಬೇಕಾದವರು, 17 ಜನ ಯಾವುದಕ್ಕೂ ಆಗದವರು. ಆ ಕೊನೆಯವರನ್ನು ಸೇಂಟ್ ಪೀಟರ್ ಚರ್ಚಿಗೆ ಕಳಿಸುತ್ತಿದ್ದ, ಅಲ್ಲಿ ಸರಳ ಕೋರಾಲ್ ಗೀತೆ ಹಾಡಿದರೆ ಸಾಕಿತ್ತು. ಸಂಗೀತ ಬಾರದ ಹುಡುಗರನ್ನು ಶಾಲೆಗೆ ಸೇರಿಸಿಕೊಳ್ಳುತ್ತಿದ್ದದ್ದು ಆಡಳಿತ. ಹಾಡಿಸಬೇಕಾದದ್ದು ಇವನು. ಅದೇ ತಿಂಗಳು ಕೌನ್ಸಿಲ್ ಸಭೆಯಲ್ಲಿ ಇವನ ಬಗ್ಗೆ ಬಂದ ದೂರು: ಕಾಂಟರ್ ಏನೂ ಕೆಲಸ ಮಾಡುವುದಿಲ್ಲ!

1734ರಲ್ಲಿ ರೆಕ್ಟರ್ ಆಗಿ ಯೋಹಾನ್ ಔಗುಸ್ಟ್ ಎರ್ನೆಸ್ಟಿ ಬಂದ. ವಯಸ್ಸು ಇಪ್ಪತ್ತೇಳು, ನನ್ನ ಓರಗೆಯವನು. ಲ್ಯಾಟಿನ್ ಗ್ರೀಕ್‌ನಲ್ಲಿ ಘನ ವಿದ್ವಾಂಸ, ಸಿಸೆರೋ ಕೃತಿಗಳನ್ನು ಸಂಪಾದಿಸಿದವನು. ಶಾಲೆ ಅಂದರೆ ಓದು, ಹಾಡು ಗೀಡು ಎಲ್ಲ ಸಮಯ ಹಾಳು ಅನ್ನುವ ಹೊಸ ಕಾಲದ ಮನುಷ್ಯ. 49ರ ಬಾಖ್‌ಗೆ ಇವನು ಬಾಸು. 1736ರಲ್ಲಿ, ಕ್ವಾಯರ್ ಮುನ್ನಡೆಸುವ ವಿದ್ಯಾರ್ಥಿ ನಾಯಕನನ್ನು ಯಾರು ನೇಮಿಸಬೇಕು ಎಂಬ ಸಣ್ಣ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿ, ಪೂಜೆಯ ಮಧ್ಯದಲ್ಲೇ ಹುಡುಗನನ್ನು ಎಳೆದು ಹಾಕುವ ಮಟ್ಟಕ್ಕೆ ಹೋಗಿ, ಅರ್ಜಿ ಕೊನೆಗೆ ದೊರೆಯ ತನಕ ಮುಟ್ಟಿತು. ಜಗಳ ನಾಯಕನದ್ದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು ಅನ್ನಿಸುತ್ತದೆ. ಈ ಶಾಲೆಯಲ್ಲಿ ಸಂಗೀತ ಮುಖ್ಯವೋ ಓದು ಮುಖ್ಯವೋ ಎಂಬುದೇ ನಿಜವಾದ ಪ್ರಶ್ನೆ. ಎರ್ನೆಸ್ಟಿಯನ್ನು ಖಳನಾಯಕ ಮಾಡುವುದು ಸುಲಭ. ಆದರೆ ವಾರವಿಡೀ ಮದುವೆ, ಮಸಣ, ಬೀದಿ ಎಂದು ಹಾಡುತ್ತ ತಿರುಗುವ ಮಕ್ಕಳು ಓದುವುದು ಯಾವಾಗ ಅಂತ ಒಬ್ಬ ಹೆಡ್‌ಮಾಸ್ಟರ್ ಕೇಳಿದರೆ ಅದು ತಪ್ಪೇ?

1749ರಲ್ಲಿ ಇನ್ನೂ ವಿಚಿತ್ರ. ಬಾಖ್ ಬದುಕಿದ್ದಾನೆ, ಆರೋಗ್ಯ ಕೆಟ್ಟಿದೆ ಅಷ್ಟೆ. ಸ್ಯಾಕ್ಸನಿಯ ಮಂತ್ರಿ ಬ್ರ್ಯೂಲ್, ತನ್ನ ಖಾಸಗಿ ತಂಡದ ಗಾಟ್ಲೋಬ್ ಹಾರೆರ್‌ನನ್ನು ಶಿಫಾರಸು ಪತ್ರದ ಜೊತೆ ಲೈಪ್‌ಜಿಗ್‌ಗೆ ಕಳಿಸಿದ. ಜೂನ್ 8ರಂದು, ಬಾಖ್ ತೀರಿಕೊಂಡರೆ ಬೇಕಾಗುತ್ತದೆಂದು, ಇವನ ಪರೀಕ್ಷೆಯನ್ನೂ ಮುಗಿಸಿಬಿಟ್ಟರು! ಬಾಖ್ ಇನ್ನೊಂದು ವರ್ಷ ಬದುಕಿ 1750ರ ಜುಲೈ 28ಕ್ಕೆ ಹೋದ. ಹಾರೆರ್ ಬಂದ. ಅವನ ಓದು? ಇಟಲಿಯಲ್ಲಿ ಸಂಗೀತ, ಅದಕ್ಕೂ ಮೊದಲು ಲೈಪ್‌ಜಿಗ್‌ನಲ್ಲಿ... ನೀವೇ ಹೇಳಿ. ಬಾಖ್‌ನ ಹೆಂಡತಿ ಆನಾ ಮಾಗ್ಡಲೇನಾ ಸ್ವತಃ ಒಳ್ಳೆಯ ಗಾಯಕಿ, ಅವನ ಎಷ್ಟೋ ಕೃತಿಗಳನ್ನು ಕೈಯಾರೆ ಪ್ರತಿ ಮಾಡಿದವಳು. 1760ರಲ್ಲಿ ತೀರಿಕೊಂಡಾಗ ಊರಿನ ಭಿಕ್ಷಾನಿಧಿಯ ಮೇಲೆ ಬದುಕುತ್ತಿದ್ದಳು.

ಮುಂದಿನ ಪಟ್ಟಿಯನ್ನು ಬೇಗ ಮುಗಿಸುತ್ತೇನೆ. 1756ರಲ್ಲಿ ಬಂದ ಡೋಲೆಸ್ ಬಾಖ್‌ನ ಶಿಷ್ಯ. 1789ರಲ್ಲಿ ಮೊಜಾರ್ಟ್ ಲೈಪ್‌ಜಿಗ್‌ಗೆ ಬಂದಾಗ ಇವನ ಹುಡುಗರು ಬಾಖ್‌ನ ಮೋಟೆಟ್ ಒಂದನ್ನು ಹಾಡಿ ಕೇಳಿಸಿದರು. ಬೇರೆ ಕಡೆ ಬಾಖ್‌ನನ್ನು ಹೆಚ್ಚುಕಮ್ಮಿ ಮರೆತಿದ್ದ ಕಾಲದಲ್ಲೂ ಈ ಹುಡುಗರು ಮೋಟೆಟ್‌ಗಳನ್ನು ಬಿಟ್ಟಿರಲಿಲ್ಲ. ನಂತರದ ಹಿಲ್ಲರ್ ಲಾ ಓದಿ ನಾಟಕ ಸಂಗೀತ ಮಾಡಿದವನು, ಗೆವಾಂಡ್‌ಹೌಸ್ ಆರ್ಕೆಸ್ಟ್ರಾದ ಮೊದಲ ಮುಖ್ಯಸ್ಥ. ವೈನ್ಲಿಗ್ ಕೂಡ ಲಾ. 1831ರಲ್ಲಿ ವಾಗ್ನರ್ ಎಂಬ ಹದಿನೆಂಟರ ಹುಡುಗನಿಗೆ ಕೌಂಟರ್‌ಪಾಯಿಂಟ್ ಹೇಳಿಕೊಟ್ಟು ಫೀಸು ಬೇಡ ಅಂದ. 1842ರಲ್ಲಿ ಬಂದ ಹೌಪ್ಟ್‌ಮನ್‌ನಿಂದ ಸಾಲು ಮುರಿಯುತ್ತದೆ. ಅವನು ವಾಸ್ತುಶಿಲ್ಪಿಯ ಮಗ, ಕಾಸೆಲ್ ಆಸ್ಥಾನದಲ್ಲಿ ಇಪ್ಪತ್ತು ವರ್ಷ ಪಿಟೀಲು ನುಡಿಸಿದವನು. ಗಣಿತದ ಹುಚ್ಚು ಬೇರೆ. ಅವನ ಕಾಲಕ್ಕೆ ಬಾಖ್ ದೇವರಾಗಿದ್ದ. 1850ರಲ್ಲಿ ಬಾಖ್‌ನ ಸಮಗ್ರ ಕೃತಿ ಅಚ್ಚು ಹಾಕುವ ಸಂಘ ಕಟ್ಟಿದವರಲ್ಲಿ ಇವನೂ ಒಬ್ಬ.

ಇಪ್ಪತ್ತನೇ ಶತಮಾನದಲ್ಲಿ ಆರ್ಗನ್ ವಾದಕರ ಸರದಿ. 1918ರಲ್ಲಿ ಬಂದ ಕಾರ್ಲ್ ಸ್ಟ್ರೌಬೆ ಬಹುಪಾಲು ಸ್ವಂತ ಕಲಿತವನು. 1931ರಿಂದ ಭಾನುವಾರ ಭಾನುವಾರ ಬಾಖ್ ಕಾಂಟಾಟಾಗಳನ್ನು ರೇಡಿಯೋದಲ್ಲಿ ಕೇಳಿಸಿದವನು ಇವನೇ. ನಾಜಿ ಪಕ್ಷದ ಸದಸ್ಯನೂ ಆಗಿದ್ದ. ಅವನ ಶಿಷ್ಯ ಗ್ಯುಂಟರ್ ರಾಮಿನ್ ಇದೇ ಕ್ವಾಯರ್‌ನಲ್ಲಿ ಹಾಡಿ ಬೆಳೆದವನು, 1936ರಲ್ಲಿ ನ್ಯೂರೆಂಬರ್ಗ್‌ನ ನಾಜಿ ರ‍್ಯಾಲಿಯಲ್ಲಿ ಆರ್ಗನ್ ನುಡಿಸಿದ. ಅದೇ ರಾಮಿನ್ 1940ರಿಂದ ಯುದ್ಧ, ಬಾಂಬು, ಕಮ್ಯುನಿಸ್ಟ್ ಸರ್ಕಾರ ಎಲ್ಲದರ ನಡುವೆ ಹುಡುಗರ ಹಾಡು ನಿಲ್ಲದ ಹಾಗೆ ನೋಡಿಕೊಂಡ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡಲು ನನಗೆ ಮನಸ್ಸಿಲ್ಲ.

ಪೂರ್ವ ಜರ್ಮನಿಯ ಕಾಲದಲ್ಲಿ ಮೇಷ್ಟರುಗಳಿಗೆ ಹೊಸ ಪರೀಕ್ಷೆ. ಪಶ್ಚಿಮ ಜರ್ಮನಿಯ ಪ್ರವಾಸವನ್ನು ಸರ್ಕಾರ ರದ್ದು ಮಾಡಿತೆಂದು ಕುರ್ಟ್ ಥಾಮಸ್ 1960ರಲ್ಲಿ ಬಿಟ್ಟು ಹೋದ. 1972ರಿಂದ ಇದ್ದ ಹಾನ್ಸ್ ಯೋಆಖಿಮ್ ರೋಟ್ಶ್, ಗುಪ್ತಚರ ಇಲಾಖೆ ಸ್ಟಾಸಿಯ ಜೊತೆ ಇದ್ದ ನಂಟು ಹೊರಬಿದ್ದು 1991ರಲ್ಲಿ ಹುದ್ದೆ ಕಳೆದುಕೊಂಡ. ಇಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ: ರೋಟ್ಶ್ ಟೆನರ್ ಗಾಯಕ. ಅವನ ನಂತರ 1992ರಲ್ಲಿ ಬಂದ ಗೇಯೋರ್ಗ್ ಕ್ರಿಸ್ಟೋಫ್ ಬಿಲ್ಲರ್ ಬ್ಯಾರಿಟೋನ್, ಬಾಲ್ಯದಲ್ಲಿ ಇಲ್ಲೇ ಹಾಡಿದವರು. ನಂತರ 2021ರ ತನಕ ಇದ್ದ ಗಾಟ್‌ಹೋಲ್ಡ್ ಶ್ವಾರ್ಟ್ಸ್ ಬಾಸ್. ಪಂಡಿತರು, ವಕೀಲರು, ಪಿಟೀಲಿನವನು, ಆರ್ಗನ್‌ನವರು ಎಲ್ಲ ಮುಗಿದು, ಹಾಡುವ ಹುಡುಗರ ಮುಂದೆ ಸಾಲಾಗಿ ಗಾಯಕರು ನಿಲ್ಲಲು ಏಳುನೂರು ಚಿಲ್ಲರೆ ವರ್ಷ ಬೇಕಾಯಿತು!

2021ರ ಸೆಪ್ಟೆಂಬರ್‌ನಲ್ಲಿ ಆಂಡ್ರಿಯಾಸ್ ರೈಟ್ಸೆ ಬಂದರು. ಸ್ವಿಟ್ಜರ್ಲೆಂಡಿನ ಸೊಲೊತುರ್ನ್‌ನವರು, ಅಲ್ಲಿನ ಕೆಥೆಡ್ರಲ್‌ನ ಹುಡುಗರ ಕ್ವಾಯರ್‌ನಲ್ಲಿ ಹಾಡಿ ಬೆಳೆದು ಮುಂದೆ ಅದನ್ನೇ ನಡೆಸಿದವರು. ಆರ್ಗನ್, ಹಾರ್ಪ್ಸಿಕಾರ್ಡ್, ಕಂಡಕ್ಟಿಂಗ್ ಎಲ್ಲದರಲ್ಲೂ ಓದಿದ ಡಿಗ್ರಿಗಳಿವೆ. ಜೊತೆಗೆ ಅವರು ಕ್ಯಾಥೊಲಿಕ್, 1539ರ ನಂತರ ಈ ಹುದ್ದೆಗೆ ಬಂದ ಮೊದಲ ಕ್ಯಾಥೊಲಿಕ್.

ನಿಮ್ಮಲ್ಲಿ ಯಾರಾದರೂ ಆನ್‌ಸೈಟ್ ಅಂತ ಜರ್ಮನಿಗೆ ಹೋದರೆ ಶುಕ್ರವಾರ ಸಂಜೆ ಆರಕ್ಕೆ, ಇಲ್ಲ ಶನಿವಾರ ಮಧ್ಯಾಹ್ನ ಮೂರಕ್ಕೆ ಆ ಚರ್ಚಿನಲ್ಲಿರಿ. ಶಾಲೆಗೆ ರಜೆ ಇಲ್ಲದ ದಿನ ನೋಡಿಕೊಳ್ಳಿ, ರಜೆಯಲ್ಲಿ ಹುಡುಗರು ಇರುವುದಿಲ್ಲ. ಬಾಖ್‌ನ ಸಮಾಧಿ ಮುಂದುಗಡೆಯೇ ಇದೆ, ನೆಲದ ಮೇಲೆ ಹೆಸರು ಬರೆದ ಒಂದು ಕಂಚಿನ ಹಲಗೆ.